ಯೂನಿಫಾರ್ಮ್ ಹಾಕಿದ್ರೆ ಮಾತ್ರ ನಮ್ಮವರಾ?

ಮಾನ್ಯ ಸಂಪಾದಕರೇ,

ಜುಲೈ 26ಕ್ಕೆ ನಮ್ಮ ತಾಲ್ಲೂಕಲ್ಲೂ ಕಾರ್ಗಿಲ್ ವಿಜಯ ದಿವಸ ಮಾಡಿದ್ರು, ಮಾಜಿ ಸೈನಿಕರಿಗೆಲ್ಲ ಶಾಲು ಹೊದಿಸಿದ್ರು, ಸಂತೋಷ. ಆದ್ರೆ ಅದೇ ವಾರ ಸಂತೇಲಿ, ತೋಟದ ಕೆಲಸಕ್ಕೆ ಅಂತ ಅಸ್ಸಾಂ ಕಡೆಯಿಂದ ಬಂದ ಇಬ್ರು ಹುಡುಗರನ್ನ ನಮ್ಮೂರ ಹುಡುಗ್ರೇ ಅಡ್ಡಗಟ್ಟಿ "ಬಾಂಗ್ಲಾದವರೇನ್ರೋ, ಆಧಾರ್ ತೆಗೀರಿ" ಅಂತ ಕಾಲರ್ ಹಿಡಿದಿದ್ದು, ಸುತ್ತ ನಿಂತವರು ಮೊಬೈಲಲ್ಲಿ ವಿಡಿಯೋ ಮಾಡಿದ್ದು ನೋಡಿ ಹೊಟ್ಟೆ ಉರೀತು, ಅದಕ್ಕೇ ಬರೀತಿದೀನಿ.

ಕಾರ್ಗಿಲ್‌ನಲ್ಲಿ ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರೂಸೆ ಅಂತ ಇದ್ರು, ರಜಪುತಾನಾ ರೈಫಲ್ಸ್. ಕಾಲು ಜಾರುತ್ತೆ ಅಂತ ಆ ಚಳೀಲಿ ಬೂಟು ಬಿಚ್ಚಿ ಬರಿಗಾಲಲ್ಲಿ ಬಂಡೆ ಹತ್ತಿ ಹೋರಾಡಿ ಪ್ರಾಣ ಕೊಟ್ರು, ಮಹಾವೀರ ಚಕ್ರ ಬಂತು. ಅವರೇ ರಜದಲ್ಲಿ ಸಾದಾ ಬಟ್ಟೇಲಿ ನಮ್ಮ ಬಸ್‌ಸ್ಟ್ಯಾಂಡಲ್ಲಿ ಇಳಿದಿದ್ರೆ ಮುಖ ನೋಡಿ ಏನಂತ ಕರೀತಿದ್ವಿ ನಾವು? ರೂಮು ಬಾಡಿಗೆಗೆ ಕೊಡ್ತಿದ್ವಾ? 1944ರಲ್ಲಿ ಜಪಾನಿನವರು ಕೊಹಿಮಾ ಕಡೆ ನುಗ್ಗಿದಾಗ ಮಣಿಪುರದ ಜೆಸ್ಸಾಮಿಯಲ್ಲಿ ತಡೆದು ನಿಂತಿದ್ದು ಈಶಾನ್ಯದ ಹುಡುಗರ ಅಸ್ಸಾಂ ರೆಜಿಮೆಂಟು, ಆಗ ಅದು ಹುಟ್ಟಿ ಮೂರು ವರ್ಷನೂ ಆಗಿರ್ಲಿಲ್ಲ.

ಅಮೆರಿಕದಲ್ಲೂ ಇದೇ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ಕರಿಯ ಸೈನಿಕರಿಗೆ ಬೇರೆ ಪಡೆ, ಬೇರೆ ಬ್ಯಾರಕ್. ಸೆರೆ ಸಿಕ್ಕ ಜರ್ಮನ್ ಸೈನಿಕರಿಗೆ ಹೋಟೆಲಲ್ಲಿ ಕೂರಿಸಿ ಊಟ ಹಾಕಿದ್ದುಂಟು, ಅವರನ್ನ ಕಾಯೋ ಕರಿಯ ಸೈನಿಕನಿಗೆ ಮಾತ್ರ ಒಳಗೆ ಜಾಗ ಇಲ್ಲ. ಐಸಾಕ್ ವುಡರ್ಡ್ ಅನ್ನೋ ಕರಿಯ ಸಾರ್ಜೆಂಟ್ 1946ರ ಫೆಬ್ರವರಿಲಿ ಸೇನೆಯಿಂದ ಬಿಡುಗಡೆಯಾಗಿ ಅವತ್ತೇ ಯೂನಿಫಾರ್ಮಲ್ಲೇ ಬಸ್ ಹತ್ತಿ ಮನೆಗೆ ಹೊರಟಿದ್ದ, ಶೌಚಕ್ಕೆ ಹೋಗ್ಬೇಕು ಅಂದಿದ್ದಕ್ಕೆ ಡ್ರೈವರ್ ಜೊತೆ ಮಾತಿಗೆ ಮಾತಾಗಿ, ಸೌತ್ ಕೆರೊಲಿನಾದಲ್ಲಿ ಪೊಲೀಸರು ಇಳಿಸಿ ಹೊಡೆದು ಎರಡೂ ಕಣ್ಣು ಕಳೆದ್ರು. ಹೊಡೆದ ಅಧಿಕಾರಿನ ಬರೀ ಬಿಳಿಯರೇ ಇದ್ದ ಜ್ಯೂರಿ ಬಿಟ್ಟುಬಿಡ್ತು. ಯುದ್ಧದಲ್ಲಿ ಬದುಕಿ ಬಂದವನು ಸ್ವಂತ ದೇಶದಲ್ಲಿ ಕುರುಡನಾದ! ಈ ವಿಷಯ ಅಧ್ಯಕ್ಷ ಟ್ರೂಮನ್ ಅವರನ್ನ ತುಂಬಾ ಕಲಕಿತು, 1948ರಲ್ಲಿ ಸೇನೆಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಅಂತ ಆದೇಶ ಹೊರಡಿಸಿದ್ರು, ಅದೂ ಜುಲೈ 26ನೇ ತಾರೀಕೇ. ಸೇನೆಯಲ್ಲಿ ಹೀಗೆ ಬದಲಾದ್ರೂ ಊರುಗಳಲ್ಲಿ ಕರಿಯರು ಬಸ್ಸಿನ ಸೀಟಿಗೆ ಇನ್ನೂ ಎಷ್ಟೋ ವರ್ಷ ಹೋರಾಡ್ಬೇಕಾಯ್ತು.

ನಮ್ಮಲ್ಲೂ ಅಷ್ಟೇ. ನನ್ನ ಯೂನಿಟ್ಟಲ್ಲಿ ಮಣಿಪುರದವರು, ತಮಿಳರು, ಪಂಜಾಬಿಗಳು, ನಾವು ಮಲೆನಾಡಿನವರು, ಎಲ್ಲ ಒಂದೇ ಲಂಗರಲ್ಲಿ, ಅಂದ್ರೆ ಸೇನೆಯ ಅಡುಗೆಮನೇಲಿ, ಉಂಡವರು. ಪೋಸ್ಟಿನಲ್ಲಿ ರಾತ್ರಿ ಪಕ್ಕದವನು ಎಚ್ಚರ ಇದ್ದಾನೆ ಅನ್ನೋ ಧೈರ್ಯದ ಮೇಲೆ ನಿದ್ದೆ ಮಾಡ್ತಿದ್ವಿ, ಅವನ ಮೂಗು ಹೇಗಿದೆ ಕಣ್ಣು ಹೇಗಿದೆ ಯಾರಿಗೆ ಬೇಕಿತ್ತು. 2012ರ ಆಗಸ್ಟಲ್ಲಿ ಈಶಾನ್ಯದವರು ದಾಳಿ ಆಗುತ್ತೆ ಅನ್ನೋ ವದಂತಿಗೆ ಹೆದರಿ ಸಾವಿರಗಟ್ಟಲೆ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದಾಗ, ಅವರಲ್ಲಿ ಎಷ್ಟು ಸೈನಿಕರ ಮಕ್ಕಳಿದ್ರೋ ಅನ್ಸಿತ್ತು.

ಯಾರ ದಾಖಲೆ ಮೇಲಾದ್ರೂ ಅನುಮಾನ ಇದ್ರೆ ಪೊಲೀಸರಿಗೆ ಹೇಳ್ಬೇಕು, ಕಾಲರ್ ಹಿಡಿಯೋ ಅಧಿಕಾರ ಯಾರಿಗೂ ಇಲ್ಲ. ಇವತ್ತು ಮಲೆನಾಡಲ್ಲಿ ಎಷ್ಟೋ ತೋಟದ ಕೆಲಸ ಈ ಹುಡುಗರಿಂದ್ಲೇ ನಡೀತಿದೆ, ಅವರಿಗೆ ಕೆಲಸ ಕೊಟ್ಟ ತೋಟದ ಯಜಮಾನರು ಸಂತೇಲೂ ಅವರ ಪರ ನಿಲ್ಬೇಕು. ಮಾಜಿ ಸೈನಿಕರ ಸಂಘಗಳು ಶಾಲೆಗಳಿಗೆ ಭಾಷಣಕ್ಕೆ ಹೋದಾಗ ಕೆಂಗುರೂಸೆ ಅವರ ಫೋಟೋ ತಗೊಂಡು ಹೋಗಿ ಮಕ್ಕಳಿಗೆ ತೋರಿಸ್ಲಿ. ನಮ್ಮ ಸಂಘದ ಮುಂದಿನ ಮೀಟಿಂಗಲ್ಲಿ ನಾನಂತೂ ಇದನ್ನ ಎತ್ತೇ ಎತ್ತುತೀನಿ.

– ಒಬ್ಬ ನಿವೃತ್ತ ಹವಾಲ್ದಾರ್, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ