ಇಂಗ್ಲಿಷ್ ಪಾಡ್‌ಕಾಸ್ಟ್ ಕೇಳಿಸುತ್ತಿರುವ ಬಗ್ಗೆ ಪೋಷಕರಿಗೆ ಪತ್ರ

ಬೆಟಗೇರಿ, ಗದಗ

ಎಲ್ಲ ಪೋಷಕರಿಗೆ ನಮಸ್ಕಾರ.

ಎಂಟು, ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಈ ವರ್ಷ ಇಂಗ್ಲಿಷ್ ಪಾಡ್‌ಕಾಸ್ಟ್ ಕೇಳಿಸಲು ಶುರು ಮಾಡಿದ್ದೇವೆ. ವಾರಕ್ಕೆ ಮೂರು ದಿನ, ಇಂಗ್ಲಿಷ್ ಪೀರಿಯಡ್‌ನ ಮೊದಲ ಹದಿನೈದು ನಿಮಿಷ. ಈ ಸುದ್ದಿ ಮಕ್ಕಳ ಬಾಯಿಂದ ಮನೆಗೆ ಬಂದಾಗ ಕೆಲವರಿಗೆ ಗೊಂದಲ ಆಗಿದೆ. ಶಾಲೆಯ ಗೇಟಿನ ಹತ್ತಿರ ನಿಂತು ಕೇಳಿದವರಿದ್ದೀರಿ, ಫೋನ್ ಮಾಡಿದವರಿದ್ದೀರಿ. ಒಬ್ಬ ತಾಯಿ ನೇರವಾಗಿಯೇ ಅಂದರು: "ಅಕ್ಕೋರ, ಮೊಬೈಲ್ ಮುಟ್ಟಬ್ಯಾಡ ಅಂತ ಒದರಿ ಒದರಿ ಸಾಕಾಗೇತ್ರಿ. ಈಗ ನೀವ ಮೊಬೈಲ್‌ನ್ಯಾಗ ಕೇಳ್ರಿ ಅಂತ ಹೇಳಿ ಕಳಸ್ತೀರಿ." ಅವರು ಕೇಳಿದ್ದು ಸರಿಯಾಗಿಯೇ ಇದೆ. ಅದಕ್ಕೇ ಈ ಸಲ ಎರಡು ಸಾಲಿನ ಸೂಚನೆ ಕಳಿಸದೆ ಉದ್ದ ಪತ್ರ ಬರೆಯುತ್ತಿದ್ದೇನೆ.

ಪಾಡ್‌ಕಾಸ್ಟ್ ಅಂದರೆ ದೊಡ್ಡದೇನಲ್ಲ, ರೇಡಿಯೊ ಕಾರ್ಯಕ್ರಮವೇ. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಕಡೆಯ ಮನೆಗಳಲ್ಲಿ ಕೇಳಿಸುತ್ತಿದೆ. ನಿಮ್ಮಲ್ಲಿ ಕೆಲವರು ಶಾಲೆಯಲ್ಲಿ ಬಾನುಲಿ ಪಾಠ ಕೇಳಿಯೇ ಬೆಳೆದವರು. ಆದರೆ ರೇಡಿಯೊದಲ್ಲಿ ಒಂದು ಮಾತು ತಪ್ಪಿದರೆ ತಪ್ಪಿತು, ಮತ್ತೆ ಸಿಗುವುದಿಲ್ಲ. ಪಾಡ್‌ಕಾಸ್ಟನ್ನು ಇಳಿಸಿಟ್ಟುಕೊಂಡು ಬೇಕಾದಾಗ ಹಚ್ಚಬಹುದು, ನಡುವೆ ನಿಲ್ಲಿಸಬಹುದು, ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು. ಪಾಡ್‌ಕಾಸ್ಟ್ ಅನ್ನುವ ಹೆಸರು ಬಂದದ್ದು 2004ರಲ್ಲಿ. ಧ್ವನಿಯ ಮೂಲಕ ಇಂಗ್ಲಿಷ್ ಕಲಿಸುವ ಕೆಲಸ ಅದಕ್ಕಿಂತ ಎಷ್ಟೋ ಹಳೆಯದು. ಬಿಬಿಸಿ ರೇಡಿಯೊ 1943ರಲ್ಲೇ ಬೇರೆ ದೇಶದವರಿಗಾಗಿ ಇಂಗ್ಲಿಷ್ ಪಾಠ ಶುರು ಮಾಡಿತ್ತು. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಒಂದು ಹೊಸ ಪದ್ಧತಿ ತಂದಿತು. ಸುಮಾರು 1500 ಸುಲಭ ಶಬ್ದಗಳನ್ನೇ ಬಳಸುವುದು, ವಾಕ್ಯ ಚಿಕ್ಕದಾಗಿರುವುದು, ಓದುವುದು ನಿಧಾನವಾಗಿ. ಆ ತರಹದ ಹಳೆಯ ಕಾರ್ಯಕ್ರಮಗಳಲ್ಲಿ ಒಂದಷ್ಟನ್ನು ನಮ್ಮ ಇಂಗ್ಲಿಷ್ ಟೀಚರ್ ಇಳಿಸಿಟ್ಟುಕೊಂಡಿದ್ದಾರೆ. ಎಂಟನೇ ತರಗತಿಗೆ ಅವೇ ಸಾಕು.

ಇನ್ನು ಇದೆಲ್ಲ ಯಾಕೆ ಅನ್ನುವ ಪ್ರಶ್ನೆ.

2007ರಿಂದ ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ನಮ್ಮ ಮಕ್ಕಳು ಪಾಠ ಓದುತ್ತಾರೆ, ಪ್ರಶ್ನೋತ್ತರ ಬರೆಯುತ್ತಾರೆ, ಪದ್ಯ ಬಾಯಿಪಾಠ ಹೇಳುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕವೂ ಬರುತ್ತದೆ. ಆಮೇಲೆ ಪಿಯುಸಿ ಸೈನ್ಸ್‌ಗೆ ಸೇರುತ್ತಾರೆ. ಅಲ್ಲಿ ಲೆಕ್ಚರರ್ ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ ಪಾಠ ಶುರು ಮಾಡುತ್ತಾರೆ. ಪುಸ್ತಕದಲ್ಲಿ ಕಂಡರೆ ಗುರುತಿಸುವ ಶಬ್ದಗಳೇ ಕಿವಿಗೆ ಬಿದ್ದಾಗ ಗುರುತು ಸಿಗುವುದಿಲ್ಲ. ಜಾಣ ಮಕ್ಕಳೂ ಹಿಂದಿನ ಬೆಂಚಿಗೆ ಸರಿಯುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿಗಳು ಟಿಸಿಗೋ ಮಾರ್ಕ್ಸ್ ಕಾರ್ಡಿಗೋ ಬಂದಾಗ ನನ್ನ ಕೋಣೆಯಲ್ಲಿ ಕೂತು ಹೇಳುವುದು ಹೆಚ್ಚಾಗಿ ಇದನ್ನೇ. "ಟೀಚರ್, ಓದಿದ್ರ ತಿಳೀತೈತಿ, ಅವರು ಹೇಳಿದ್ರ ತಿಳಿಯಂಗಿಲ್ಲ."

ಇದು ಮಕ್ಕಳ ದಡ್ಡತನ ಅಲ್ಲ. ಕನ್ನಡದಲ್ಲಿ ನಾವು ಬರೆದದ್ದನ್ನೆಲ್ಲ ಬಾಯಿ ತುಂಬ ಹೇಳುತ್ತೇವೆ, ಅಲ್ವಾ? ಇಂಗ್ಲಿಷ್ ಹಾಗಿಲ್ಲ. ಒಂದು ವಾಕ್ಯದಲ್ಲಿ ಎರಡು ಮೂರು ಶಬ್ದಗಳನ್ನು ಒತ್ತಿ ಹೇಳಿ ಉಳಿದದ್ದನ್ನು ಅರ್ಧ ನುಂಗಿಬಿಡುತ್ತಾರೆ. ಸ್ಪೆಲ್ಲಿಂಗ್ ನೋಡಿ 'ವೆಡ್ನೆಸ್‌ಡೇ' ಅಂತ ಕಲಿತ ಹುಡುಗನಿಗೆ 'ವೆನ್ಸ್‌ಡೇ' ಅಂತ ಕೇಳಿಸಿದರೆ ಅದು ಬುಧವಾರ ಅಂತ ಹೊಳೆಯುವುದಿಲ್ಲ. 'ಬ್ರೆಡ್ ಆ್ಯಂಡ್ ಬಟರ್' ಅನ್ನುವಾಗ 'ಆ್ಯಂಡ್' ಪೂರ್ತಿ ಹೋಗಿ ಬರೀ ಒಂದು 'ನ್' ಉಳಿಯುತ್ತದೆ. ಇದರ ಜೊತೆಗೆ ನಮ್ಮದೇ ಒಂದು ರೂಢಿ ಇದೆ. ನಮ್ಮ ಶಬ್ದಗಳು ಸ್ವರದಲ್ಲಿ ಮುಗಿಯುತ್ತವೆ, ಅದಕ್ಕೇ ಬಸ್ ಅನ್ನುವುದು ಬಸ್ಸು ಆಗುತ್ತದೆ, ಬುಕ್ ಬುಕ್ಕು ಆಗುತ್ತದೆ. ಇಂಗ್ಲಿಷಿನಲ್ಲೋ, ಶಬ್ದದ ತುದಿಯ ಆ ಚಿಕ್ಕ ಧ್ವನಿಯಲ್ಲೇ ಬಹಳ ವಿಷಯ ಇರುತ್ತದೆ. 'ವಾಕ್' ಅಂದರೆ ಈಗಿನ ಮಾತು, ಕೊನೆಗೆ ಒಂದು ಸಣ್ಣ 'ಟ್' ಬಂದರೆ ಅದು ನಿನ್ನೆಯ ಮಾತು. ಆ 'ಟ್' ನಮ್ಮ ಕಿವಿಗೆ ಜಾರಿಹೋಗುತ್ತದೆ. ಕಿವಿಗೆ ಬೀಳದ್ದು ಬರೆಯುವಾಗ ಕೈಗೂ ಬರುವುದಿಲ್ಲ. ಹತ್ತನೇ ತರಗತಿಯ ಉತ್ತರ ಪತ್ರಿಕೆಗಳಲ್ಲಿ ಭೂತಕಾಲದ ತಪ್ಪುಗಳು ಇಷ್ಟೊಂದು ಇರುವುದಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬುತ್ತೇನೆ. ವ್ಯಾಕರಣದ ನಿಯಮ ಅವರಿಗೆ ಗೊತ್ತಿದೆ. ಆದರೆ ಅದನ್ನು ಅವರು ಕಿವಿಯಾರೆ ಕೇಳಿಲ್ಲ.

ಕೇಳಿ ಕಲಿಯುವುದರ ಬೆಲೆ ಏನು ಅಂತ ಗದುಗಿನವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಗುರುಗಳ ಧ್ವನಿ ಕೇಳಿಯೇ ಸಂಗೀತ ಕಲಿತು ದೊಡ್ಡ ಕಲಾವಿದರಾದರು. ಭೀಮಸೇನ ಜೋಶಿಯವರು ನಮ್ಮ ಜಿಲ್ಲೆಯವರು. ಹುಡುಗರಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡು 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆಯನ್ನೇ ಬಿಟ್ಟು ಹೋದರು. (ನಮ್ಮ ಮಕ್ಕಳು ಯಾರೂ ಮನೆ ಬಿಟ್ಟು ಹೋಗುವುದು ಬೇಡ. ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಕೇಳುವ ಆ ಹಟ ಬಂದರೆ ಸಾಕು.)

ತರಗತಿಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಒಂದು ಬ್ಲೂಟೂತ್ ಸ್ಪೀಕರ್ ಇದೆ, ಅಷ್ಟೇ. ಮೊದಲು ಟೀಚರ್ ಬೋರ್ಡಿನ ಮೇಲೆ ನಾಲ್ಕೈದು ಶಬ್ದ ಬರೆದು ಅರ್ಥ ಹೇಳುತ್ತಾರೆ. ಆಮೇಲೆ ಒಂದೆರಡು ನಿಮಿಷದ ತುಣುಕು ಹಚ್ಚುತ್ತಾರೆ. ಮೊದಲ ಸಲ ಕೇಳುವಾಗ ಮಕ್ಕಳು ಪೆನ್ನು ಕೆಳಗಿಡಬೇಕು. ಯಾರು ಮಾತಾಡುತ್ತಿದ್ದಾರೆ, ಯಾವುದರ ಬಗ್ಗೆ, ಇಷ್ಟು ಹೇಳಿದರೆ ಆಯಿತು. ಅದನ್ನು ಕನ್ನಡದಲ್ಲೇ ಹೇಳಬಹುದು. ಎರಡನೇ ಸಲಕ್ಕೆ ಪ್ರಶ್ನೆ ಇರುತ್ತವೆ. ಮೂರನೇ ಸಲ ಅದೇ ಮಾತುಗಳನ್ನು ಕಾಗದದ ಮೇಲೆ ನೋಡುತ್ತಾ ಕೇಳುತ್ತಾರೆ. ಆಗ "ಓ, ಇದಾ!" ಅಂತ ಒಂದು ಗದ್ದಲ ಏಳುತ್ತದೆ. ನನ್ನ ಕೋಣೆಗೂ ಅದು ಕೇಳಿಸುತ್ತದೆ. ಕೊನೆಗೆ ಒಂದೆರಡು ವಾಕ್ಯವನ್ನು ಮಾತಾಡುವವರ ಬೆನ್ನಿಗೇ, ಅದೇ ಏರಿಳಿತದಲ್ಲಿ ಹೇಳುತ್ತಾರೆ, ಆ ವಾಕ್ಯವನ್ನೇ ಡಿಕ್ಟೇಶನ್ ಬರೆಯುತ್ತಾರೆ. ವೇಗ ಜಾಸ್ತಿ ಅನಿಸಿದರೆ 0.75ಕ್ಕೆ ಇಳಿಸಬಹುದು. 0.5ಕ್ಕೆ ಇಳಿಸಿದರೆ ಮಾತ್ರ ಕುಡಿದವರ ಮಾತಿನ ಹಾಗಾಗುತ್ತದೆ, ಮಕ್ಕಳು ನಗುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

ಒಂಬತ್ತು, ಹತ್ತನೇ ತರಗತಿಗೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಆರಿಸಿದ್ದೇವೆ. ಇಬ್ಬರು ಕೂತು ಒಂದು ವಿಷಯದ ಬಗ್ಗೆ ಮಾತಾಡುತ್ತಾರೆ, ಹೊಸ ಶಬ್ದಗಳನ್ನು ಅವರೇ ಬಿಡಿಸಿ ಹೇಳುತ್ತಾರೆ, ಮಾತುಗಳ ಬರಹವೂ ಸಿಗುತ್ತದೆ. ಹಾಗಂತ ಅದು ಪೂರ್ತಿ ಸುಲಭ ಅಲ್ಲ. ಅದಕ್ಕೇ ಆರು ನಿಮಿಷವನ್ನು ತುಣುಕು ಮಾಡಿ ವಾರಪೂರ್ತಿ ಕೇಳಿಸುತ್ತೇವೆ. ಬ್ರಿಟಿಷ್ ಕೌನ್ಸಿಲ್‌ನ ಪಾಡ್‌ಕಾಸ್ಟ್‌ಗಳೂ ಇವೆ. ಎಲ್ಲವೂ ಪುಕ್ಕಟೆ. ಯಾರಾದರೂ ಆ್ಯಪ್‌ಗೆ ದುಡ್ಡು ಕಟ್ಟಿ, ಕೋರ್ಸ್ ತಗೊಳ್ಳಿ ಅಂತ ಶಾಲೆಯ ಹೆಸರು ಹೇಳಿಕೊಂಡು ಬಂದರೆ ಕೊಡಬೇಡಿ. ನಾವು ಯಾರನ್ನೂ ಕಳಿಸಿಲ್ಲ.

"ಆ ಫಾರಿನ್ ಇಂಗ್ಲಿಷ್ ನಮ್ಮ ಮಕ್ಕಳಿಗೆ ಯಾಕೆ?" ಅಂತಲೂ ಒಬ್ಬರು ಕೇಳಿದರು. ನಮ್ಮ ಮಕ್ಕಳು ಲಂಡನ್ನಿನವರ ಹಾಗೆ ಮಾತಾಡಲಿ ಅನ್ನುವ ಆಸೆ ನಮಗೂ ಇಲ್ಲ. ಬೆಟಗೇರಿಯ ಹುಡುಗಿ ಬೆಟಗೇರಿಯವಳ ಹಾಗೆಯೇ ಇಂಗ್ಲಿಷ್ ಮಾತಾಡಲಿ, ಎದುರಿನವರಿಗೆ ತಿಳಿದರೆ ಸಾಕು. ಆದರೆ ಎದುರಿನವರು ಯಾವ ಊರಿನವರಾದರೂ ಅವರ ಮಾತು ಇವಳಿಗೆ ತಿಳಿಯಬೇಕಲ್ಲ. ಹಾಗಾಗಿ ಆಕಾಶವಾಣಿಯ ಇಂಗ್ಲಿಷ್ ವಾರ್ತೆಯನ್ನೂ ಕೇಳಿಸುತ್ತೇವೆ. ಪಠ್ಯಪುಸ್ತಕದ ಪಾಠಗಳನ್ನು ನಮ್ಮ ಟೀಚರ್ ತಮ್ಮ ಧ್ವನಿಯಲ್ಲೇ ಓದಿ ರೆಕಾರ್ಡ್ ಮಾಡಿದ್ದಾರೆ. ಮಕ್ಕಳು ಎಲ್ಲಕ್ಕಿಂತ ಹೆಚ್ಚು ಇಷ್ಟಪಡುವುದು ಇದನ್ನೇ. ಹಿಂದಿನಿಂದ ಶಾಲೆಯ ಗಂಟೆ ಕೇಳಿಸುತ್ತದೆ, ಪಕ್ಕದ ಕ್ಲಾಸಿನ ಮಗ್ಗಿ ಕೇಳಿಸುತ್ತದೆ.

ಈಗ ಮೊಬೈಲ್ ವಿಷಯ. ಮನೆಯಲ್ಲಿ ಕೇಳುವುದು ಕಡ್ಡಾಯ ಅಲ್ಲ. ಇದಕ್ಕಾಗಿ ಯಾರೂ ಹೊಸ ಫೋನ್ ಕೊಳ್ಳಬೇಡಿ. ಮಕ್ಕಳ ಕೈಗೆ ಫೋನ್ ಕೊಟ್ಟು ಒಳಗಿನ ಕೋಣೆಗೆ ಕಳಿಸಲೂ ಬೇಡಿ. ಪಾಡ್‌ಕಾಸ್ಟ್ ಕೇಳಲು ಪರದೆ ನೋಡುವ ಅಗತ್ಯವೇ ಇಲ್ಲ. ಹಚ್ಚಿ, ಫೋನನ್ನು ಬೋರಲು ಹಾಕಿ ನಡುಮನೆಯಲ್ಲಿ ಇಡಿ. ಆರು ನಿಮಿಷದ ಆಡಿಯೊ ಸುಮಾರು 6 ಎಂಬಿ ಆಗಬಹುದು, ವಿಡಿಯೊದ ಹಾಗೆ ಡೇಟಾ ತಿನ್ನುವುದಿಲ್ಲ. ವಾರಕ್ಕೆ ಒಂದು ಫೈಲನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ಅದನ್ನೇ ಕೇಳಿಸಿ. ಯೂಟ್ಯೂಬ್‌ನಲ್ಲಿ ಹುಡುಕಲು ಬಿಡಬೇಡಿ. ಒಂದು ಮುಗಿದ ಕೂಡಲೇ ಅದು ತಾನೇ ಇನ್ನೊಂದನ್ನು ತೋರಿಸುತ್ತದೆ. ಆಮೇಲೆ ಮಗು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಕೀಪ್ಯಾಡ್ ಫೋನ್ ಇರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮೆಮೊರಿ ಕಾರ್ಡ್ ಹಾಕುವ ಕೀಪ್ಯಾಡ್ ಫೋನಿನಲ್ಲೂ ಈ ಆಡಿಯೊ ಕೇಳಬಹುದು. ಕಾರ್ಡ್ ಶಾಲೆಗೆ ಕಳಿಸಿದರೆ ನಾವೇ ತುಂಬಿಸಿ ಕೊಡುತ್ತೇವೆ. ಇಯರ್‌ಫೋನ್ ಬೇಡ. ಅದರಲ್ಲೂ ಪವರ್‌ಲೂಮ್ ಇರುವ ಮನೆಯವರು ಇದನ್ನು ಗಮನಿಸಿ. ಮಗ್ಗದ ಸದ್ದಿನ ನಡುವೆ ಇಯರ್‌ಫೋನ್ ಹಾಕಿಕೊಂಡರೆ ಮಕ್ಕಳು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ, ಕಿವಿ ಕೆಡುತ್ತದೆ. ಮಗ್ಗ ನಿಂತ ಮೇಲೆ, ಊಟದ ಹೊತ್ತಿಗೆ ಸ್ಪೀಕರಿನಲ್ಲೇ ಹಚ್ಚಿ. ಅಜ್ಜಿಯೂ ಕೇಳಲಿ, ಏನಾಯಿತು?

"ನಮಗ ಇಂಗ್ಲಿಷ್ ಬರಂಗಿಲ್ಲ, ನಾವೇನ್ ಹೇಳಿ ಕೊಡೂಣು" ಅಂತ ಸಂಕೋಚ ಪಡಬೇಡಿ. ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. "ಇವತ್ತು ಏನು ಕೇಳಿದೆ?" ಅಂತ ಕನ್ನಡದಲ್ಲಿ ಒಂದು ಮಾತು ಕೇಳಿದರೆ ಸಾಕು. ಮಗು ಕನ್ನಡದಲ್ಲೇ ಹೇಳಲಿ. ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕಾದರೆ ಅದು ತಲೆಯೊಳಗೆ ಒಮ್ಮೆ ಓಡಾಡಲೇಬೇಕು.

ನಾನು ನಿಮ್ಮನ್ನು ಗಟ್ಟಿಯಾಗಿ ಕೇಳಿಕೊಳ್ಳುವುದು ಒಂದೇ. ಪೂರ್ತಿ ತಿಳಿಯಿತಾ ಅಂತ ಕಾಡಬೇಡಿ. ಮೊದಲ ತಿಂಗಳುಗಳಲ್ಲಿ ಪೂರ್ತಿ ತಿಳಿಯುವುದೇ ಇಲ್ಲ. ನಾಲ್ಕಾಣೆ ತಿಳಿದರೆ ಅದು ಲಾಭವೇ. ನಾವೆಲ್ಲ ಕನ್ನಡ ಕಲಿತದ್ದೂ ಹೀಗೇ. ಬಾಯಿ ಬಿಡುವ ಮೊದಲು ತಿಂಗಳುಗಟ್ಟಲೆ ಸುಮ್ನೆ ಕೇಳಿದ್ದೆವು, ಯಾರೂ ನಮಗೆ ಟೆಸ್ಟ್ ಇಟ್ಟಿರಲಿಲ್ಲ. ಪಕ್ಕದ ಮನೆಯ ಇಂಗ್ಲಿಷ್ ಮೀಡಿಯಂ ಮಗುವಿನ ಜೊತೆ ಹೋಲಿಸಬೇಡಿ. ನೆಂಟರು ಬಂದಾಗ "ಏನೋ ಕೇಳ್ತಿಯಂತಲ್ಲ, ಇಂಗ್ಲಿಷ್‌ನ್ಯಾಗ ನಾಕು ಮಾತಾಡು ನೋಡೋಣು" ಅಂತ ನಿಲ್ಲಿಸಬೇಡಿ. ಹೀಗೆ ಒಮ್ಮೆ ನಿಂತು ತಡವರಿಸಿದ ಮಗು ಆಮೇಲೆ ತರಗತಿಯಲ್ಲೂ ಬಾಯಿ ತೆರೆಯುವುದಿಲ್ಲ. ಅದನ್ನು ಮತ್ತೆ ಮಾತಾಡಿಸಲು ನಾವು ಪಡುವ ಪಾಡು ನಮಗೇ ಗೊತ್ತು.

ಹತ್ತನೇ ತರಗತಿಯ ಪೋಷಕರ ಚಿಂತೆ ಬೇರೆ. ಎಸ್‌ಎಸ್‌ಎಲ್‌ಸಿ ಇಂಗ್ಲಿಷಿನಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಬೋರ್ಡ್ ಪರೀಕ್ಷೆಯಲ್ಲಿ ಯಾರೂ ಆಡಿಯೊ ಹಚ್ಚಿ ಪ್ರಶ್ನೆ ಕೇಳುವುದಿಲ್ಲ, ನಿಜ. ಅದಕ್ಕೇ ಹತ್ತನೇ ತರಗತಿಗೆ ಪ್ರಿಪರೇಟರಿ ಪರೀಕ್ಷೆಗಳು ಶುರುವಾಗುವ ತನಕ ಮಾತ್ರ ಇದನ್ನು ನಡೆಸುತ್ತೇವೆ. ಪೋರ್ಷನ್ ಹಿಂದೆ ಬೀಳುವುದಿಲ್ಲ, ಅದು ನನ್ನ ಜವಾಬ್ದಾರಿ. ಆದರೆ ಕೇಳಿದ್ದನ್ನು ಬರೆಯುವ ಅಭ್ಯಾಸದಿಂದ ವಾಕ್ಯ ನೆಟ್ಟಗಾಗುತ್ತದೆ. ಅಷ್ಟಾದರೂ ಆ 80ರೊಳಗೆ ಕಾಣುತ್ತದೆ.

ಇನ್ನೊಂದು ವಿಷಯಕ್ಕೆ ನಿಮ್ಮ ಒಪ್ಪಿಗೆ ಬೇಕು. ದಸರಾ ರಜೆಯ ನಂತರ ಒಂಬತ್ತನೇ ತರಗತಿಯ ಮಕ್ಕಳು ತಮ್ಮದೇ ಒಂದು ಪಾಡ್‌ಕಾಸ್ಟ್ ಮಾಡಲಿದ್ದಾರೆ. ಪ್ರತಿ ಗುಂಪಿಗೂ ಮೂರು ನಿಮಿಷ. ವಿಷಯಗಳನ್ನು ಅವರೇ ಆರಿಸಿಕೊಂಡಿದ್ದಾರೆ: ತ್ರಿಕೂಟೇಶ್ವರ ಗುಡಿ, ಲಕ್ಕುಂಡಿಯ ಬಾವಿಗಳು, ಕಪ್ಪತಗುಡ್ಡದ ಔಷಧಿ ಗಿಡಗಳು. ಒಂದು ಗುಂಪು ಸೀರೆ ನೇಯುವವರನ್ನು ಮಾತಾಡಿಸಬೇಕು ಅಂದಿದೆ. ನಿಮ್ಮಲ್ಲಿ ನೇಕಾರರ ಮನೆಗೆ ಅವರು ಬಂದರೆ ಹತ್ತು ನಿಮಿಷ ಕೊಡಿ. ನೀವು ಕನ್ನಡದಲ್ಲಿ ಹೇಳಿ, ಇಂಗ್ಲಿಷ್ ಮಾಡುವುದು ಅವರ ಕೆಲಸ. ಈ ರೆಕಾರ್ಡಿಂಗ್‌ಗಳನ್ನು ನಾವು ಇಂಟರ್‌ನೆಟ್ಟಿಗೆ ಹಾಕುವುದಿಲ್ಲ. ಶಾಲೆಯ ಸ್ಪೀಕರಿನಲ್ಲಿ ಪ್ರಾರ್ಥನೆಯ ನಂತರ ಕೇಳಿಸುತ್ತೇವೆ, ಅಷ್ಟೇ. ವಾಟ್ಸ್‌ಆ್ಯಪ್ ಗುಂಪಿಗೂ ಹಾಕುವುದಿಲ್ಲ, ಯಾಕೆಂದರೆ ಅಲ್ಲಿಂದ ಮಕ್ಕಳ ಧ್ವನಿ ಯಾರ ಯಾರ ಫೋನಿಗೆ ಹೋಗುತ್ತದೋ ಹೇಳಲಾಗದು. ಮನೆಯವರು ಕೇಳಬೇಕೆಂದರೆ ಶಾಲೆಗೇ ಬನ್ನಿ.

ಈ ಪತ್ರದ ಕೆಳಗೆ ಒಂದು ಚೀಟಿ ಇದೆ. ಮಗು ರೆಕಾರ್ಡಿಂಗ್‌ನಲ್ಲಿ ಮಾತಾಡಬಹುದಾ ಇಲ್ಲವಾ ಅನ್ನುವುದಕ್ಕೆ ಗುರುತು ಹಾಕಿ, ಸಹಿ ಮಾಡಿ ಸೋಮವಾರದೊಳಗೆ ಕ್ಲಾಸ್ ಟೀಚರಿಗೆ ಕಳಿಸಿ. ಹೆಬ್ಬೆಟ್ಟಿನ ಗುರುತೂ ನಡೆಯುತ್ತದೆ. ಬೇಡ ಅಂದವರ ಮಕ್ಕಳಿಗೆ ಬರೆಯುವ, ರೆಕಾರ್ಡ್ ಮಾಡುವ ಕೆಲಸ ಕೊಡುತ್ತೇವೆ, ಅವರನ್ನು ಹೊರಗಿಡುವುದಿಲ್ಲ. ಮೆಮೊರಿ ಕಾರ್ಡ್ ಕಳಿಸುವವರು ಒಂದು ಲಕೋಟೆಯಲ್ಲಿ ಹಾಕಿ ಮಗುವಿನ ಹೆಸರು, ತರಗತಿ ಬರೆದು ಕಳಿಸಿ. ಅದರಲ್ಲಿ ನಿಮ್ಮ ಫೋಟೊ, ಹಾಡು ಇದ್ದರೆ ಮೊದಲೇ ಬೇರೆ ಕಡೆ ಉಳಿಸಿಟ್ಟುಕೊಳ್ಳಿ. ಈ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಮತ್ತು ಇಂಗ್ಲಿಷ್ ಟೀಚರ್ ಎಂಟನೇ ತರಗತಿಯ ಕೋಣೆಯಲ್ಲಿ ಇರುತ್ತೇವೆ. ಮಕ್ಕಳಿಗೆ ಕೇಳಿಸುವುದನ್ನೇ ನಿಮಗೂ ಕೇಳಿಸುತ್ತೇವೆ. ಅನುಮಾನ ಇದ್ದವರು ತಪ್ಪದೆ ಬನ್ನಿ.

ಇಂತಿ,
ಮುಖ್ಯೋಪಾಧ್ಯಾಯಿನಿ