ಈ ಮುಂಗಾರಿನಿಂದ ನಾಟಿ ಯಂತ್ರದ ಸರದಿ ತೂಬಿನ ಪ್ರಕಾರ

ಮಾನ್ಯ ಸದಸ್ಯರೇ, ರೈತ ಬಾಂಧವರೇ,

ನಮ್ಮ ಸಂಘದ ಬಾಡಿಗೆ ಯಂತ್ರ ಕೇಂದ್ರದಲ್ಲಿ ಇದುವರೆಗೆ ಮೊದಲು ಹೆಸರು ಬರೆಸಿದವರ ಗದ್ದೆಗೆ ಮೊದಲು ಯಂತ್ರ ಹೋಗುತ್ತಿತ್ತು. ಈ ಮುಂಗಾರಿನಿಂದ ಆ ಕ್ರಮ ಇರುವುದಿಲ್ಲ. ಭತ್ತದ ನಾಟಿ ಯಂತ್ರವನ್ನೂ ಕಟಾವು ಯಂತ್ರವನ್ನೂ ತೂಬಿನ (ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ಕಿಂಡಿಯ) ಪ್ರಕಾರ ಕಳುಹಿಸುತ್ತೇವೆ. ಒಂದು ತೂಬಿನ ನೀರಿನಲ್ಲಿ ಬೆಳೆಯುವ ಗದ್ದೆಗಳನ್ನೆಲ್ಲ ಮುಗಿಸಿಯೇ ಯಂತ್ರ ಮುಂದಿನ ತೂಬಿಗೆ ಹೊರಡುತ್ತದೆ. ಎಕರೆ ಬಾಡಿಗೆಯಲ್ಲಿ ವ್ಯತ್ಯಾಸವಿಲ್ಲ.

ಇನ್ನೊಂದು ಯಂತ್ರ ತರಿಸಿ ಎಂದು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಅದಕ್ಕೂ ಮೊದಲು ಇರುವ ಯಂತ್ರದ ಲೆಕ್ಕ ನೋಡೋಣ. ಆರು ಸಾಲಿನ ನಾಟಿ ಯಂತ್ರ, ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್. ಒಮ್ಮೆ ಹಾದುಹೋದರೆ 1.8 ಮೀಟರ್ ಅಗಲ ನಾಟಿಯಾಗುತ್ತದೆ. ಗಂಟೆಗೆ 2 ಕಿಲೋಮೀಟರ್ ವೇಗದಲ್ಲಿ ನಿಲ್ಲದೆ ನಡೆದರೆ ಒಂದು ಗಂಟೆಯಲ್ಲಿ 3,600 ಚದರ ಮೀಟರ್, ಅಂದರೆ 35 ಗುಂಟೆಗೂ ಮೇಲೆ. ಆದರೆ ಅದು ನಿಲ್ಲದೆ ನಡೆಯುವುದೇ ಇಲ್ಲ. ಬದುವಿನಲ್ಲಿ ತಿರುಗಬೇಕು, ಸಸಿ ತುಂಬಬೇಕು. ಇವು ತಪ್ಪಿಸಲಾಗದ ಕೆಲಸಗಳು. ತಪ್ಪಿಸಬಹುದಾದದ್ದು ರಸ್ತೆಯ ಮೇಲೆ ಕಳೆಯುವ ಹೊತ್ತು. ಬೆಳಿಗ್ಗೆ ಮೇಲಿನ ತೂಬಿನಲ್ಲಿ ಹದಿನೈದು ಗುಂಟೆ, ಮಧ್ಯಾಹ್ನ ನಾಲ್ಕು ಊರಿನಾಚೆ ಇಪ್ಪತ್ತು ಗುಂಟೆ ಎಂದಾದರೆ, ಯಂತ್ರವನ್ನು ಟ್ರಾಲಿಗೆ ಹತ್ತಿಸಿ ಇಳಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಡೀಸೆಲ್ ಸುಡುವುದು ಗದ್ದೆಯಲ್ಲಾಗಬೇಕು, ರಸ್ತೆಯಲ್ಲಲ್ಲ.

ತೂಬನ್ನೇ ಆರಿಸಿಕೊಂಡದ್ದಕ್ಕೆ ಕಾರಣ ನೀರು. ಕೆಆರ್‌ಎಸ್ ಜಲಾಶಯದ ನೀರು ಪೂರ್ಣ ಮಟ್ಟವಾದ 124.80 ಅಡಿಯ ಹತ್ತಿರ ಬಂದಿತೆಂಬ ಸುದ್ದಿ ಕೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ. ಆದರೆ ನೀರು ಎಲ್ಲರಿಗೂ ಒಟ್ಟಿಗೆ ಬರುವುದಿಲ್ಲ. ಹುಲಿಕೆರೆ ಸುರಂಗ ದಾಟಿದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಮೇಲಿನವರಿಗೆ ಮೊದಲು ಸಿಗುತ್ತದೆ. ಮದ್ದೂರು, ಮಳವಳ್ಳಿ ಕಡೆಯ ಕೊನೆಯ ಭಾಗದವರು ಕಾಯುತ್ತಾರೆ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿ ಜಾರಿಯಾದ ವರ್ಷವಂತೂ ಹೇಳುವುದೇ ಬೇಡ. ಹೆಸರು ಬರೆಸಿದ ದಿನಾಂಕಕ್ಕೂ ಗದ್ದೆಗೆ ನೀರು ಬರುವ ದಿನಕ್ಕೂ ಸಂಬಂಧವಿಲ್ಲದಿದ್ದರೆ ಆ ಸರದಿಯಿಂದ ಯಾರಿಗೂ ಪ್ರಯೋಜನವಿಲ್ಲ. ಇನ್ನು ಮುಂದೆ ನಾಲೆಯ ನೀರು ಬಿಡುವ ನೀರುಗಂಟಿಯವರನ್ನು ಕೇಳಿಕೊಂಡೇ ತೂಬುಗಳ ಸರದಿ ಗೊತ್ತುಮಾಡುತ್ತೇವೆ.

ಇದರಲ್ಲಿ ನಿಮ್ಮ ಕೆಲಸ ಬಹಳ ಮುಖ್ಯವಾಗಿರುವುದು ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ. ಕೈನಾಟಿಯ ಒಟ್ಲು ನಾಲ್ಕು ದಿನ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಯಂತ್ರಕ್ಕೆ ಹಾಗಲ್ಲ. ತಟ್ಟೆಯಲ್ಲಿ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾಗಿ ಜರಡಿ ಹಿಡಿದ ಮಣ್ಣು ಹರಡಿ ಬೆಳೆಸಿದ ಸಸಿ 15ರಿಂದ 18 ದಿನದ್ದಾಗಿರಬೇಕು. ಸಸಿಯ ಚಾಪೆಯನ್ನು ಸುರುಳಿ ಸುತ್ತಿ ಎತ್ತಿದಾಗ ಬೇರು ಹೆಣೆದುಕೊಂಡು ಮಣ್ಣು ಉದುರದೆ ನಿಂತರೆ ಅದು ಹದವಾಗಿದೆ ಎಂದರ್ಥ. ಬಲಿತ ಸಸಿಯನ್ನು ಯಂತ್ರದ ಬೆರಳುಗಳು ಕೀಳುವಾಗ ಬೇರು ಹರಿದು ಸಾಲಿನಲ್ಲಿ ಖಾಲಿ ಬೀಳುತ್ತದೆ. ಆದ್ದರಿಂದ ಒಂದು ತೂಬಿನವರೆಲ್ಲ ಎರಡು ಮೂರು ದಿನಗಳ ಅಂತರದಲ್ಲೇ ಒಟ್ಲು ಹಾಕಬೇಕು. ಬಿತ್ತುವ ದಿನವನ್ನು ನಾವು ಮುಂಚಿತವಾಗಿ ತಿಳಿಸುತ್ತೇವೆ. ತಟ್ಟೆಗಳು ಕೇಂದ್ರದಲ್ಲೇ ಸಿಗುತ್ತವೆ.

ಕೆಸರು ಉಳುಮೆ ಮಾಡಿದ ದಿನವೇ ಯಂತ್ರ ಇಳಿಸಬೇಡಿ. ಮಣ್ಣು ಒಂದೆರಡು ದಿನ ಕೂರಬೇಕು. ಎರೆ ಮಣ್ಣಾದರೆ ಇನ್ನೂ ಸ್ವಲ್ಪ ಹೆಚ್ಚು. ಕೆಸರಿನಲ್ಲಿ ಬೆರಳಿನಿಂದ ಗೆರೆ ಎಳೆದು ನೋಡಿ. ತಕ್ಷಣ ಮುಚ್ಚಿಹೋದರೆ ಇನ್ನೂ ತೆಳುವಾಗಿದೆ, ಸಸಿ ತೇಲುತ್ತದೆ. ಮುಚ್ಚದೇ ಉಳಿದರೆ ಗಟ್ಟಿಯಾಗಿದೆ. ನಿಧಾನವಾಗಿ ಕೂಡಿಕೊಳ್ಳಬೇಕು. ಮೇಲೆ ತೆಳ್ಳಗೆ ನೀರಿದ್ದರೆ ಸಾಕು. ರೋಟವೇಟರ್ ಮತ್ತೆ ಮತ್ತೆ ಹೊಡೆಸಿದರೆ ನಾಟಿ ಚೆನ್ನಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಸಮತಟ್ಟು ಮಾಡುವುದಕ್ಕೆ ಗಮನ ಕೊಟ್ಟರೆ ಲಾಭ ಅದಕ್ಕಿಂತ ಹೆಚ್ಚು, ಡೀಸೆಲ್ಲೂ ಉಳಿಯುತ್ತದೆ.

ಚಿಕ್ಕ ಹಿಡುವಳಿಯವರಿಗೆ ಒಂದು ಆತಂಕ ಇರುವುದು ಸಹಜ: ದೊಡ್ಡವರ ಗದ್ದೆ ಮುಗಿಯುವವರೆಗೆ ನಮ್ಮನ್ನು ಕಾಯಿಸುತ್ತಾರೆಯೇ? ಇಲ್ಲ. ತೂಬಿನೊಳಗೆ ಯಂತ್ರ ಗದ್ದೆಯಿಂದ ಪಕ್ಕದ ಗದ್ದೆಗೆ ಹೋಗುತ್ತದೆ, ಎಂಟು ಗುಂಟೆಯಾದರೂ ಎರಡು ಎಕರೆಯಾದರೂ. ನಿಜ ಹೇಳಬೇಕೆಂದರೆ ಈ ಬದಲಾವಣೆ ಮುಖ್ಯವಾಗಿ ಅವರಿಗಾಗಿಯೇ. ಎಂಟು ಗುಂಟೆಗೆಂದೇ ಯಂತ್ರವನ್ನು ಅಷ್ಟು ದೂರ ಸಾಗಿಸುವುದು ಕಷ್ಟವಾಗಿ, ಅವರ ಹೆಸರು ಪಟ್ಟಿಯಲ್ಲಿ ಹಿಂದೆ ಹಿಂದೆ ಸರಿಯುತ್ತಿತ್ತು. ಯಂತ್ರ ಇಳಿಯಲು ಬದುವಿನಲ್ಲಿ ಜಾಗ ಬಿಡುವ ಬಗ್ಗೆ ಅಕ್ಕಪಕ್ಕದವರು ಮೊದಲೇ ಮಾತಾಡಿಕೊಳ್ಳಿ.

ಮೂಲೆಗಳಿಗೆ ಯಂತ್ರ ತಲುಪುವುದಿಲ್ಲ. ಅಲ್ಲಿ ನಾಟಿ ಮಾಡಲು, ಖಾಲಿ ಬಿದ್ದ ಕಡೆ ಸಸಿ ಇಡಲು ನಾಟಿಯ ಹೆಣ್ಣುಮಕ್ಕಳು ಬೇಕೇ ಬೇಕು. ಪ್ರತಿ ತೂಬಿಗೂ ಅವರ ಒಂದು ಗುಂಪನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಚಾಪೆ ಒಟ್ಲು ಬೆಳೆಸಿಕೊಡುವ ಕೆಲಸವನ್ನೂ ಅವರಿಗೇ ವಹಿಸುವುದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಸಸಿಯ ಹದ ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಕಟಾವಿಗೂ ಇದೇ ಕ್ರಮ. ಒಂದೇ ತೂಬಿನಲ್ಲಿ ಕೆಲವರು ಐಆರ್-64 ತಳಿ, ಕೆಲವರು ಜಯ ತಳಿ ಹಾಕಿದರೆ ಕೊಯ್ಲು ಒಟ್ಟಿಗೆ ಬರುವುದಿಲ್ಲ. ಐಆರ್-64 ಬೇಗ ಬಲಿಯುತ್ತದೆ. ತಳಿಯ ಬಗ್ಗೆ ಒಮ್ಮತಕ್ಕೆ ಬಂದರೆ ಎಲ್ಲರಿಗೂ ಅನುಕೂಲ. ದನಗಳಿಗೆ ಹುಲ್ಲು ಬೇಕಾದವರು ಮೊದಲೇ ತಿಳಿಸಿ. ಹುಲ್ಲು ಒಣಗಿದ ಮೇಲೆ ಉಂಡೆ ಕಟ್ಟುವ ಬೇಲರ್ ಕಳುಹಿಸುತ್ತೇವೆ.

ಕೊಳವೆಬಾವಿ ನೀರಿನಲ್ಲಿ ಬೆಳೆಯುವವರು ಸರದಿಯ ಹೊರಗೆ ಯಂತ್ರ ಕೇಳಬಹುದು. ಬಿಡುವಿದ್ದ ದಿನ ಕಳುಹಿಸುತ್ತೇವೆ, ಸಾಗಾಟದ ಖರ್ಚು ಪ್ರತ್ಯೇಕ.

ಹೆಸರು ಬರೆಸಲು ಪಹಣಿ ತರಬೇಕಾಗಿಲ್ಲ. ತೂಬಿನ ಸಂಖ್ಯೆ, ಗುಂಟೆ ಲೆಕ್ಕ, ಹಾಕುವ ತಳಿ, ಮೊಬೈಲ್ ಸಂಖ್ಯೆ ಇಷ್ಟು ಸಾಕು. ತೂಬಿನ ಪರವಾಗಿ ಒಬ್ಬರೇ ಬಂದು ಎಲ್ಲರ ಹೆಸರನ್ನೂ ಬರೆಸಬಹುದು. ಬೆಳಿಗ್ಗೆ ಹಾಲಿನ ಡೇರಿಯ ಹೊತ್ತಿಗೆ ಸಂಘದ ಕಚೇರಿ ತೆರೆದಿರುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಬಾಡಿಗೆ ಯಂತ್ರ ಕೇಂದ್ರ, ಮಂಡ್ಯ ತಾಲ್ಲೂಕು