ಆ ಇಷ್ಟ ಎಲ್ಲಿಂದ ಬಂತು? ಯುವ ಬರಹಗಾರರಿಗೊಂದು ಪತ್ರ

ಆತ್ಮೀಯರೇ,

ನಿಮ್ಮ ಪತ್ರವೂ ಜೊತೆಗಿದ್ದ ಮೂರು ಕಥೆಗಳೂ ತಲುಪಿದವು. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂಬ ಸಿದ್ಧಮಾದರಿಗಳನ್ನು ಒಡೆಯಲೆಂದೇ ಇವನ್ನು ಬರೆದೆ, ಒಡೆದಿದ್ದೇನೆಯೇ ಹೇಳಿ ಎಂದು ಕೇಳಿದ್ದೀರಿ. ಮೊದಲ ಕಥೆಯಲ್ಲಿ ಒಡೆದಿಲ್ಲ. ಎರಡನೆಯದು ಅರ್ಧ ದಾರಿಯಲ್ಲಿ ನಿಂತಿದೆ. ಮೂರನೆಯದರಲ್ಲಿ ನಿಮಗೇ ಅರಿವಿಲ್ಲದೆ ಒಂದು ಒಳ್ಳೆಯ ಸಂಗತಿ ನಡೆದುಹೋಗಿದೆ.

ಮೊದಲ ಕಥೆಯ ನಾಯಕಿ ಬೈಕ್ ಓಡಿಸುತ್ತಾಳೆ, ಸಿಗರೇಟು ಸೇದುತ್ತಾಳೆ, ಮೇಲಧಿಕಾರಿಯ ಕೊರಳಪಟ್ಟಿ ಹಿಡಿಯುತ್ತಾಳೆ, ಯಾವ ಪುಟದಲ್ಲೂ ಅಳುವುದಿಲ್ಲ. ಹೆಣ್ಣಿನ ಮಾದರಿಯನ್ನು ಬಿಟ್ಟು ಅವಳು ಗಂಡಿನ ಮಾದರಿಗೆ ಬಾಡಿಗೆಗೆ ಹೋಗಿದ್ದಾಳೆ, ಅಷ್ಟೆ. ಮನೆ ಬದಲಾಯಿತು, ಮಾಲೀಕ ಅವನೇ. ಧೈರ್ಯವೆಂದರೆ ಗಂಡಸಿನ ಹಾಗಿರುವುದು ಎಂಬ ಹಳೆಯ ನಂಬಿಕೆ ನಿಮ್ಮ ಕಥೆಯಿಂದ ಇನ್ನಷ್ಟು ಗಟ್ಟಿಯಾಗಿದೆ. ಸಾಲದ್ದಕ್ಕೆ, ಅವಳು ಎತ್ತರವಾಗಿ ಕಾಣಲಿ ಎಂದು ಅವಳ ಅಮ್ಮನನ್ನು ಮೂರೇ ಸಾಲಿನಲ್ಲಿ ಮುಗಿಸಿದ್ದೀರಿ: ಸಹನೆ, ಕಣ್ಣೀರು, ಅಡುಗೆಮನೆ. ಸಂಸಾರದ ಜಮಾಖರ್ಚೆಲ್ಲ ಆ ಅಮ್ಮನ ಕೈಯಲ್ಲಿತ್ತು ಎಂದು ನೀವೇ ಒಂದು ಕಡೆ ಬರೆದು ಮರೆತಿದ್ದೀರಿ. ನಾನಾಗಿದ್ದರೆ ಬೈಕನ್ನು ಅಲ್ಲೇ ನಿಲ್ಲಿಸಿ ಆ ಲೆಕ್ಕದ ಪುಸ್ತಕವನ್ನು ತೆರೆಯುತ್ತಿದ್ದೆ.

ಸಿದ್ಧಮಾದರಿಯನ್ನು ಖಳನ ಬಾಯಲ್ಲಿ ಇಡುವುದು ಸುಲಭ. ‘ಹೆಣ್ಣಾಗಿ ಹುಟ್ಟಿ ಹೀಗೆ ಮಾತನಾಡುತ್ತೀಯಾ’ ಎಂದು ಅವನಿಂದ ಹೇಳಿಸಿದರೆ ಓದುಗರು ಅವನನ್ನು ಬೈದು ಹಗುರಾಗುತ್ತಾರೆ. ಆದರೆ ಅದು ಬೇರು ಬಿಟ್ಟಿರುವುದು ನಿರೂಪಣೆಯಲ್ಲಿ, ನೀವು ಯೋಚಿಸದೆ ಬರೆದ ವಿಶೇಷಣದಲ್ಲಿ. ಅಮೆರಿಕದ ಜಾನ್ ಕಾಂಡ್ರಿ ಮತ್ತು ಸಾಂಡ್ರಾ ಕಾಂಡ್ರಿ 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂಬತ್ತು ತಿಂಗಳ ಮಗುವಿನ ಒಂದೇ ವಿಡಿಯೊವನ್ನು ಅವರು ಇನ್ನೂರಕ್ಕೂ ಹೆಚ್ಚು ಮಂದಿಗೆ ತೋರಿಸಿದರು. ಕೆಲವರಿಗೆ ಇದು ಗಂಡುಮಗು ಎಂದರು, ಉಳಿದವರಿಗೆ ಹೆಣ್ಣು ಎಂದರು. ಪೆಟ್ಟಿಗೆಯೊಳಗಿನಿಂದ ಗೊಂಬೆಯೊಂದು ಥಟ್ಟನೆ ಚಿಮ್ಮಿದಾಗ ಮಗು ಬೆಚ್ಚಿ ಅಳುತ್ತದೆ. ಗಂಡು ಎಂದುಕೊಂಡವರಿಗೆ ಆ ಅಳುವಿನಲ್ಲಿ ಹೆಚ್ಚಾಗಿ ಸಿಟ್ಟು ಕಂಡಿತು. ಹೆಣ್ಣು ಎಂದುಕೊಂಡವರಿಗೆ ಭಯ ಕಂಡಿತು. ಮುಂದಿನದು ನನ್ನ ಊಹೆ. ‘ಹೆದರಿಬಿಟ್ಟೆಯಾ ಪುಟ್ಟಿ’ ಎಂದು ಎತ್ತಿಕೊಂಡರೆ ಮಗು ಒಂದನ್ನು ಕಲಿಯುತ್ತದೆ. ‘ಎಷ್ಟು ಸಿಟ್ಟಪ್ಪಾ ಇವನಿಗೆ’ ಎಂದು ಸುತ್ತ ನಿಂತು ನಕ್ಕರೆ ಇನ್ನೊಂದನ್ನು. ತನ್ನೊಳಗೆ ಏನಾಗುತ್ತಿದೆ ಎಂಬುದಕ್ಕೆ ಹೆಸರನ್ನು ಮಗು ಸುತ್ತಲಿನವರಿಂದಲೇ ಪಡೆಯಬೇಕು. ಬೆಳೆದ ಮೇಲೆ ‘ನನ್ನ ಸ್ವಭಾವವೇ ಹೀಗೆ’ ಎನ್ನುವಾಗ ಆ ಹೆಸರು ಕೊಟ್ಟವರು ಯಾರಿಗೂ ನೆನಪಿರುವುದಿಲ್ಲ.

ಈಗ ನಿಮ್ಮ ಕಥೆಗಳಿಗೆ ಬನ್ನಿ. ಅಲ್ಲಿ ಗಂಡಸರು ಗುಡುಗುತ್ತಾರೆ, ಹೆಂಗಸರು ಕಿರುಚುತ್ತಾರೆ. ಗಂಡಸರು ಯೋಚಿಸುತ್ತಾ ಕೂರುತ್ತಾರೆ, ಹೆಂಗಸರು ಕೊರಗುತ್ತಾ ಕೂರುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕೂ ಇದೆ: ಕ್ರಿಯಾಪದದ ತುದಿಯಲ್ಲಿ ಲಿಂಗದ ಜೊತೆಗೆ ಮರ್ಯಾದೆಯೂ ಸೇರಿಕೊಂಡಿರುತ್ತದೆ. ಎರಡನೆಯ ಕಥೆಯಲ್ಲಿ ವೈದ್ಯರು ಬಂದರು, ಮ್ಯಾನೇಜರು ಬಂದರು, ಅಪ್ಪ ಬಂದರು. ನರ್ಸ್ ಬಂದಳು, ಟೈಪಿಸ್ಟ್ ಬಂದಳು, ಅಮ್ಮ ಬಂದಳು. ಅಮ್ಮನೊಂದಿಗೆ ಸಲಿಗೆ ಹೆಚ್ಚು ಎಂದು ನೀವು ವಾದಿಸಬಹುದು. ನರ್ಸ್ ಜೊತೆಗೆ ನಿಮಗೆ ಯಾವ ಸಲಿಗೆ? (ಹೆಸರಿನ ಬದಲು ಬರೀ ಇನಿಷಿಯಲ್ ಬರೆದಿರುವ ನೀವು ಗಂಡೋ ಹೆಣ್ಣೋ ನನಗೆ ತಿಳಿಯದು. ಬಹುವಚನ ನನ್ನನ್ನು ಕಾಪಾಡಿದೆ.) ಒಂದು ಪುಟದಲ್ಲಿ ಪಾತ್ರಗಳ ಕ್ರಿಯಾಪದಗಳನ್ನು ಅದಲುಬದಲು ಮಾಡಿ ಗಟ್ಟಿಯಾಗಿ ಓದಿ ನೋಡಿ. ಕಿವಿ ಎಲ್ಲಿ ತಕರಾರು ತೆಗೆಯುತ್ತದೋ ಅಲ್ಲಿ ನಿಲ್ಲಿ.

ಇದೆಲ್ಲ ತಿದ್ದಬಹುದಾದ ಸಂಗತಿ. ನನ್ನನ್ನು ಹೆಚ್ಚು ಕಾಡುವುದು ಬೇರೆ. ಸಮಾಜದ ನಿರೀಕ್ಷೆ ಯಾವಾಗಲೂ ಹೊರಗಿನಿಂದ ಅಪ್ಪಣೆಯಾಗಿಯೇ ಬರುತ್ತದೆ ಎಂಬಂತೆ ನೀವು ಬರೆಯುತ್ತೀರಿ. ಅಪ್ಪಣೆಯಾದರೆ ಮೀರಬಹುದು. ಅದು ‘ನನಗೆ ಇಷ್ಟ’, ‘ನನಗೆ ಇಷ್ಟವಿಲ್ಲ’ ಎಂದು ನಮ್ಮದೇ ದನಿಯಲ್ಲಿ ಮಾತನಾಡತೊಡಗಿದಾಗ ಏನು ಮಾಡುವುದು? ಲಿನ್ ಬಿಯಾನ್, ಸಾರಾ ಜೇನ್ ಲೆಸ್ಲಿ ಮತ್ತು ಆಂಡ್ರೇ ಚಿಂಪಿಯನ್ ಎಂಬ ಸಂಶೋಧಕರು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಮಕ್ಕಳ ಬಗ್ಗೆ ಬರೆದರು. ‘ತುಂಬಾ ತುಂಬಾ ಬುದ್ಧಿವಂತರು’ ಯಾರಿರಬಹುದು ಎಂದು ಕೇಳಿದರೆ ಐದು ವರ್ಷದ ಹುಡುಗರು ಗಂಡಸರ ಕಡೆಗೆ, ಹುಡುಗಿಯರು ಹೆಂಗಸರ ಕಡೆಗೆ ಬೆರಳು ತೋರಿದರು. ಆರು, ಏಳು ವರ್ಷದ ಹುಡುಗಿಯರು ತಮ್ಮವರನ್ನು ತೋರಿಸುವುದು ಕಡಿಮೆಯಾಗಿತ್ತು. ಶಾಲೆಯಲ್ಲಿ ಒಳ್ಳೆಯ ಅಂಕ ತೆಗೆಯುವವರು ಹುಡುಗಿಯರು ಎಂಬುದರಲ್ಲಿ ಮಾತ್ರ ಅವರಿಗೆ ಅನುಮಾನವಿರಲಿಲ್ಲ! ಆಮೇಲೆ ಎರಡು ಆಟಗಳ ಬಗ್ಗೆ ಹೇಳಿದರು: ಒಂದು ತುಂಬಾ ಬುದ್ಧಿವಂತ ಮಕ್ಕಳಿಗೆ, ಇನ್ನೊಂದು ತುಂಬಾ ಪ್ರಯತ್ನಪಡುವ ಮಕ್ಕಳಿಗೆ. ಬುದ್ಧಿವಂತರ ಆಟದಲ್ಲಿ ಹುಡುಗಿಯರಿಗೆ ಹುಡುಗರಷ್ಟು ಆಸಕ್ತಿ ಇರಲಿಲ್ಲ. ಪ್ರಯತ್ನದ ಆಟದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಅಂಥ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳನ್ನು ಯಾರೂ ತಡೆದಿಲ್ಲ, ಗದರಿಸಿಲ್ಲ. ಬೇಡ ಎಂದವಳು ಅವಳೇ. ಇಪ್ಪತ್ತು ವರ್ಷದ ನಂತರ ಕೇಳಿದರೆ ‘ಅದರಲ್ಲಿ ನನಗೆ ಮೊದಲಿನಿಂದಲೂ ಆಸಕ್ತಿ ಇರಲಿಲ್ಲ’ ಎನ್ನುತ್ತಾಳೆ, ಮತ್ತು ಸುಳ್ಳು ಹೇಳುತ್ತಿರುವುದಿಲ್ಲ. ಕಥೆಗಾರರಿಗೆ ಇದಕ್ಕಿಂತ ಕಷ್ಟದ ವಸ್ತು ಸಿಗುವುದಿಲ್ಲ. ನೀನು ಮೋಸಹೋಗಿದ್ದೀಯೆ ಎಂದು ಅವಳಿಗೆ ಹೇಳುವ ಅಧಿಕಾರ ನಿಮಗೆ ಎಲ್ಲಿಯದು? ಅವಳು ಕಟ್ಟಿಕೊಂಡ ಬದುಕು ನಿಜ, ಅದರಲ್ಲಿ ಪಡುವ ಸಂತೋಷ ನಿಜ. ಆರನೆಯ ವರ್ಷದಲ್ಲಿ ಒಂದು ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡದ್ದೂ ನಿಜ. ಇವುಗಳಲ್ಲಿ ಒಂದನ್ನು ಗೆಲ್ಲಿಸಿದರೆ ಅದು ಪ್ರಬಂಧವಾಗುತ್ತದೆ. ಎರಡನೆಯ ಕಥೆ ಸೋತಿರುವುದು ಅಲ್ಲೇ. ತನ್ನ ಮದುವೆಯಲ್ಲಿ ಸುಖವಾಗಿರುವ ಗೃಹಿಣಿಯನ್ನು ನೀವು ನಂಬಲೇ ಇಲ್ಲ. ಅವಳು ನಕ್ಕಾಗಲೆಲ್ಲ ಪಕ್ಕದಲ್ಲಿ ನಿಂತು ಓದುಗರಿಗೆ ಕಣ್ಣು ಮಿಟುಕಿಸಿದ್ದೀರಿ.

ಗಂಡಸರ ವಿಷಯದಲ್ಲಿ ನಿಮಗೆ ಇನ್ನೂ ಕಡಿಮೆ ತಾಳ್ಮೆ. ದೂರದಲ್ಲಿರುವ ಮಗ ಫೋನ್ ಮಾಡಿದರೆ ‘ಆರೋಗ್ಯವೇ? ಇರು, ಅಮ್ಮನಿಗೆ ಕೊಡುತ್ತೇನೆ’ ಎನ್ನುವ ಅಪ್ಪಂದಿರನ್ನು ನೀವೂ ನೋಡಿರುತ್ತೀರಿ. ಅವರಿಗೆ ಪ್ರೀತಿ ಇಲ್ಲ ಎನ್ನುವುದು ಅವಸರದ ಮಾತು. ಜೀವನವಿಡೀ ಆ ಬಗೆಯ ಮಾತನ್ನು ಹೆಂಡತಿಯ ಮೂಲಕವೇ ಆಡಿ ಆಡಿ, ತನಗೆ ಹೇಳಲು ಏನೂ ಇಲ್ಲವೆಂದೇ ನಂಬಿಬಿಟ್ಟ ಮನುಷ್ಯ ಆತ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಗೆ ಫೋನ್ ಬಂದರೆ ಏನಾಗುತ್ತದೆ? ಬರೆಯಿರಿ ಅದನ್ನು.

ಮತ್ತೊಂದು ಮಾತು: ಈ ಮಾದರಿಗಳು ಅನಾದಿ ಎಂಬಂತೆ ಬರೆಯಬೇಡಿ. 1946ರಲ್ಲಿ ಜನರ ಮುಂದೆ ಬಂದ ಎನಿಯಾಕ್ ಕಂಪ್ಯೂಟರಿಗೆ ಮೊದಲು ಪ್ರೋಗ್ರಾಮ್ ಹೊಂದಿಸಿಕೊಟ್ಟವರು ಆರು ಮಂದಿ ಹೆಂಗಸರು. ಯಂತ್ರ ಕಟ್ಟುವುದೇ ದೊಡ್ಡ ಕೆಲಸ, ಇದು ಗುಮಾಸ್ತಿಕೆಯಂಥದ್ದು ಎಂದು ಆಗಿನವರ ಎಣಿಕೆ. ಅದೇ ಕೆಲಸಕ್ಕೆ ಹಣವೂ ಹೆಸರೂ ಬಂದ ಮೇಲೆ ಅದು ಗಂಡಸರ ಸಹಜ ಪ್ರತಿಭೆ ಎನಿಸಿಕೊಂಡಿತು. ಯಾವುದಾದರೂ ಕೆಲಸವನ್ನು ‘ಸಹಜ’ ಎಂದು ನಿಮ್ಮ ಪಾತ್ರ ಕರೆದಾಗ, ಅದರ ಕೂಲಿ ಎಷ್ಟು ಎಂದೂ ಒಮ್ಮೆ ವಿಚಾರಿಸಿ.

ಇನ್ನು ಮೂರನೆಯ ಕಥೆ. ಹಿರಿಮಗ ಚಿತ್ರ ಬರೆಯುವುದನ್ನು ಬಿಟ್ಟು ಕೆಲಸಕ್ಕೆ ಸೇರುತ್ತಾನೆ. ಯಾರ ಬಲವಂತವೂ ಇಲ್ಲ. ಮೊದಲ ಸಂಬಳ ತಂದ ದಿನ ಮನೆಮಂದಿಯ ಮುಂದೆ ಹಿಗ್ಗುತ್ತಾನೆ. ತಂಗಿ ಚಿತ್ರ ಬರೆಯಲು ಕೂತಾಗ ‘ಇದೆಲ್ಲ ಹೆಣ್ಣುಮಕ್ಕಳಿಗೇ ಸರಿ’ ಎಂದು ನಗುತ್ತಾನೆ; ಮರುದಿನ ಅವಳಿಗೆ ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಬಣ್ಣ ತಂದುಕೊಡುತ್ತಾನೆ. ಅವನ ಹೆಮ್ಮೆ, ಅವನು ಕಳೆದುಕೊಂಡದ್ದು, ತಂಗಿಯ ಮೇಲಿನ ಅಕ್ಕರೆ, ಅವಳನ್ನು ಕಿರಿದು ಮಾಡುವ ಮಾತು, ಎಲ್ಲವೂ ಆ ಒಂದೇ ಪುಟದಲ್ಲಿವೆ. ಯಾವುದು ಅವನು, ಯಾವುದು ಅವನಿಂದ ಬಯಸಿದ್ದು ಎಂದು ಬಿಡಿಸಲು ಬರುವುದಿಲ್ಲ. ಅಷ್ಟು ಬರೆದವರು ಕೊನೆಯಲ್ಲಿ ಅವನಿಗೆ ಜ್ಞಾನೋದಯ ಮಾಡಿಸಿ ಎರಡು ಪುಟ ಭಾಷಣ ಏಕೆ ಮಾಡಿಸಿದಿರೋ ಕಾಣೆ. ಆ ಎರಡು ಪುಟಗಳನ್ನು ಕಿತ್ತುಹಾಕಿ. ಬಣ್ಣ ತಂದ ಪುಟವನ್ನು ಮುಟ್ಟಬೇಡಿ.

ಸದ್ಯಕ್ಕೆ ಇದೊಂದನ್ನೇ ತಿದ್ದಿ ಕಳುಹಿಸಿ, ಅವಸರವಿಲ್ಲ. ಅಕ್ಷರ ಮಾತ್ರ ತುಸು ದೊಡ್ಡದಾಗಿರಲಿ.

ನಿಮ್ಮ ಹಿತೈಷಿ